ಹಳೇ ಟ್ಯಾಂಕಿಗೆ ಹೊಸ ಕಲ್ಲು

ಆಯುಧಪೂಜೆ ದಿನ ಅಮ್ಮ ಸ್ಕೂಟರ್‌ಗೆ, ಮಿಕ್ಸಿಗೆ, ಮಗಳ ಸೈಕಲ್‌ಗೆ ಕುಂಕುಮ ಇಟ್ಟು, ಆಮೇಲೆ ಹಾಲ್‌ಗೆ ಬಂದು ನನ್ನ ಉಪ್ಪುನೀರಿನ ಹವಳದ ಟ್ಯಾಂಕಿನ ಕೆಳಗಿನ ಬಾಗಿಲು ತೆಗೆದು, ನೀರಿನ ಕೊಳೆಯನ್ನು ನೊರೆ ಮಾಡಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್‌ಗೂ ಒಂದು ಬೊಟ್ಟು ಇಟ್ಟಳು. ಪಕ್ಕದಲ್ಲಿ ಹೊಸದಾಗಿ ಬಂದು ಕೂತಿದ್ದ ಸಿಲಿಂಡರ್ ನೋಡಿ, "ಇದೇನೋ ಇದು, ಜಲ್ಲಿ ತುಂಬಿಸಿಟ್ಟಿದ್ದೀಯ?" ಅಂದಳು. ಹೌದು, ಜಲ್ಲಿಯೇ ಅಂದೆ. ಎಷ್ಟು ಕೊಟ್ಟೆ ಅಂತ ಕೇಳಿದಳು. ಅದನ್ನು ಮಾತ್ರ ಹೇಳಲಿಲ್ಲ.

ಆ ಜಲ್ಲಿಯ ಹೆಸರು ಜಿಯೋಲೈಟ್. ಐದು ವರ್ಷದಿಂದ ಹೇಗೋ ನಡೆದುಕೊಂಡು ಬಂದಿದ್ದ ನನ್ನ ಹವಳದ ಟ್ಯಾಂಕನ್ನು ಜಿಯೋಲೈಟ್ ಪದ್ಧತಿಗೆ ಬದಲಾಯಿಸಿದ ಕಥೆ ಇದು. ಏಳು ತಿಂಗಳಾಯಿತು. ಚೆನ್ನಾಗಿ ಆಗಿದ್ದೂ ಇದೆ, ಕೈಯಾರೆ ಹಾಳು ಮಾಡಿಕೊಂಡಿದ್ದೂ ಇದೆ. ಹೊಸ ಟ್ಯಾಂಕ್‌ನಲ್ಲಿ ಇದನ್ನು ಶುರು ಮಾಡುವುದು ಒಂದು ಥರ, ಓಡುತ್ತಿರುವ ಹಳೇ ಟ್ಯಾಂಕ್‌ಗೆ ಹಾಕುವುದೇ ಬೇರೆ ಥರ. ಓದಿದಾಗ ಇದು ತಲೆಗೆ ಹೋಗಿರಲಿಲ್ಲ, ಒಂದು ಹವಳ ಕಳಕೊಂಡ ಮೇಲೆ ಹೋಯಿತು.

ಮೊದಲು ಟ್ಯಾಂಕ್ ಬಗ್ಗೆ. ನಾಲ್ಕಡಿ ಉದ್ದ, ಎರಡಡಿ ಅಗಲ. ಕೆಳಗಿನ ಸಂಪ್, ಅಂದರೆ ಸ್ಕಿಮ್ಮರ್ ಎಲ್ಲ ಕೂರುವ ತೊಟ್ಟಿ, ಸೇರಿಸಿ, ಕಲ್ಲು ತಿನ್ನುವ ಜಾಗ ಕಳೆದರೆ ಹತ್ತಿರ ಹತ್ತಿರ 400 ಲೀಟರ್ ನೀರು. (ಸಂಪ್ ಅಂದರೆ ಬೆಂಗಳೂರಿನವರಿಗೆ ಮನೆ ಮುಂದೆ ನೆಲದೊಳಗಿರುವ ಕಾವೇರಿ ನೀರಿನ ತೊಟ್ಟಿ. ಮೊದಲ ಸಲ ಪ್ಲಂಬರ್ ಕರೆಸಿ, "ಸಂಪ್‌ನಿಂದ ಟ್ಯಾಂಕ್‌ಗೆ ಒಂದು ಪೈಪ್ ಎಳೀಬೇಕು" ಅಂದೆ. ಆತ ಸೀದಾ ಟೆರೇಸ್ ಹತ್ತಿದ.) ಎರಡು ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್, ಆರು ಕ್ರೋಮಿಸ್ (ಈಗ ಐದು) ಇವೆ. ಹವಳದಲ್ಲಿ ಮಾಂಟಿಪೊರಾ, ಅಕ್ರೊಪೊರಾ, ಒಂದಿಷ್ಟು ಮೆತ್ತನೆ ಜಾತಿಯವು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಸಮುದ್ರದ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಅಂಡಮಾನ್‌ನದು, ಲಕ್ಷದ್ವೀಪದ್ದು ಅಂತ ಯಾರಾದರೂ ಕಮ್ಮಿ ಬೆಲೆಗೆ ಕೊಡೋಕೆ ಬಂದರೆ ದೂರ ಇರಿ. ನನ್ನಲ್ಲಿರುವುದು ಹೊರದೇಶದ ಫಾರ್ಮ್‌ಗಳಲ್ಲಿ ಬೆಳೆಸಿದ ತುಂಡುಗಳು, ಅದರ ಕಾಗದಗಳನ್ನು ಆರ್‌ಸಿ ಬುಕ್ ಜೊತೆಗೇ ಇಟ್ಟಿದ್ದೇನೆ.

ಸರಿ, ಚೆನ್ನಾಗೇ ಓಡುತ್ತಿದ್ದ ಟ್ಯಾಂಕಿಗೆ ಯಾಕೆ ಕೈ ಹಾಕಿದೆ? ಬಣ್ಣಕ್ಕೆ, ಬೇರೇನಿಲ್ಲ. ತಂದಾಗ ನೇರಳೆ, ಗುಲಾಬಿ, ತಿಳಿಹಸಿರು ಇದ್ದ ಹವಳಗಳೆಲ್ಲ ವರ್ಷ ಕಳೆಯೋದರಲ್ಲಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದವು. ಸಾಯುತ್ತಿರಲಿಲ್ಲ, ಬೆಳೆಯುತ್ತಲೇ ಇದ್ದವು. ಬರೀ ಕಂದು ಅಷ್ಟೇ. ಹವಳದ ಮೈಯೊಳಗೆ ಜೂಜ್ಯಾಂಥೆಲ್ಲಾ ಅನ್ನುವ ಸೂಕ್ಷ್ಮ ಪಾಚಿ ಇರುತ್ತದೆ. ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸುವುದು ಅದೇ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿಯಾದರೆ ಆ ಪಾಚಿ ಒತ್ತೊತ್ತಾಗಿ ಬೆಳೆದು ಹವಳದ ಸ್ವಂತ ಬಣ್ಣ ಮುಚ್ಚಿಹೋಗುತ್ತದೆ. ನನ್ನ ನೀರಿನಲ್ಲಿ ಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ನೈಟ್ರೇಟ್ 15, ಫಾಸ್ಫೇಟ್ 0.12 ಇತ್ತು. ಹವಳದ ದಿಬ್ಬಗಳ ಸುತ್ತಲಿನ ಸಮುದ್ರದ ನೀರಿನಲ್ಲಿ ಇವೆರಡೂ ಇಲ್ಲವೇನೋ ಅನ್ನುವಷ್ಟು ಕಮ್ಮಿ. ತಪ್ಪು ನನ್ನದೇ. ಮಗಳು ಮೀನಿಗೆ ಊಟ ಹಾಕುತ್ತಾಳೆ, ಅಮ್ಮನೂ ಹಾಕುತ್ತಾಳೆ, ನಾನೂ ಹಾಕುತ್ತೇನೆ, "ಪಾಪ, ಹಸಿದಿರುತ್ತೆ" ಅಂತ. ಹಳದಿ ಟ್ಯಾಂಗ್ ಎಮ್ಮೆಕರು ಥರ ಆಗಿದೆ.

ಜಿಯೋಲೈಟ್ ಅಂದರೆ ಸಣ್ಣ ಸಣ್ಣ ರಂಧ್ರಗಳಿರುವ ಒಂದು ಜಾತಿಯ ಖನಿಜ. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಡ್ ಅನ್ನುವವರು ಇಂಥ ಕಲ್ಲೊಂದನ್ನು ಕಾಯಿಸಿದಾಗ ಒಳಗಿನ ನೀರು ಆವಿಯಾಗಿ ಕಲ್ಲೇ ಕುದಿಯುವ ಹಾಗೆ ಕಂಡಿತು, ಅದಕ್ಕೇ ಗ್ರೀಕ್‌ನಲ್ಲಿ 'ಕುದಿಯುವ ಕಲ್ಲು' ಅಂತ ಹೆಸರಿಟ್ಟರು. ನಮ್ಮ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಂಡೆಯಲ್ಲೂ ಇದೆ. ನಾಸಿಕ್, ಜಲಗಾಂವ್, ಪುಣೆ ಕಡೆ ಸಿಗುವ ಹರಳುಗಳು ಪ್ರಪಂಚದ ಮ್ಯೂಸಿಯಂಗಳಲ್ಲಿ ಕೂತಿವೆ. ಬಟ್ಟೆ ಸೋಪಿನ ಪುಡಿಯಲ್ಲಿ, ಸೀಗಡಿ ಕೆರೆಯಲ್ಲಿ ಕೂಡ ಇದನ್ನು ಬಳಸುತ್ತಾರೆ. ಹವಳದ ಟ್ಯಾಂಕಿಗೆ ಅಂತ ಪದ್ಧತಿ ಮಾಡಿ ಜಿಯೋವಿಟ್ ಅನ್ನುವ ಹೆಸರಿನಲ್ಲಿ ಹೆಸರುವಾಸಿ ಮಾಡಿದ್ದು ಜರ್ಮನಿಯ ಕೊರಾಲೆನ್ ಟ್ಸುಖ್ಟ್ ಕಂಪನಿ.

ಕೆಲಸ ಹೀಗೆ. ಸಿಹಿನೀರಿನಲ್ಲಿ ಈ ಕಲ್ಲು, ಮೀನಿನ ಕೊಳೆಯಿಂದ ಬಂದು ಆಮೇಲೆ ನೈಟ್ರೇಟ್ ಆಗುವ ಅಮೋನಿಯಂ ಅನ್ನು ಚೆನ್ನಾಗಿ ಹಿಡಿಯುತ್ತದೆ. ಉಪ್ಪುನೀರಿನಲ್ಲಿ ಅಷ್ಟು ಸುಲಭವಲ್ಲ, ಲೀಟರ್‌ಗೆ 10 ಗ್ರಾಂಗಿಂತ ಜಾಸ್ತಿ ಇರುವ ಸೋಡಿಯಂ ಅದೇ ಜಾಗಕ್ಕೆ ನುಗ್ಗುತ್ತದೆ, ಮೆಜೆಸ್ಟಿಕ್‌ನಲ್ಲಿ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಹಾಗಾಗಿ ಕಲ್ಲಿನ ಪಾಲೆಷ್ಟು, ಕಲ್ಲಿನ ಮೇಲೆ ಮನೆ ಮಾಡುವ ಬ್ಯಾಕ್ಟೀರಿಯಾದ ಪಾಲೆಷ್ಟು ಅನ್ನುವ ಜಗಳ ಹವ್ಯಾಸಿಗಳಲ್ಲಿ ಇನ್ನೂ ಮುಗಿದಿಲ್ಲ. ನನಗೆ ಕಂಡ ಮಟ್ಟಿಗೆ ಬ್ಯಾಕ್ಟೀರಿಯಾದ್ದೇ ಜಾಸ್ತಿ. ದಿನಾ ಕೆಲವು ಹನಿ ಕಾರ್ಬನ್ ದ್ರಾವಣ ಹಾಕುತ್ತೀರಿ, ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುವಾಗ ನೀರಿನ ನೈಟ್ರೇಟ್, ಫಾಸ್ಫೇಟ್ ಅನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಆ ಬ್ಯಾಕ್ಟೀರಿಯಾವನ್ನೇ ಸ್ಕಿಮ್ಮರ್ ನೊರೆಯಲ್ಲಿ ಹೊರಗೆ ಹಾಕುತ್ತದೆ, ಒಂದಿಷ್ಟನ್ನು ಹವಳ ತಿನ್ನುತ್ತದೆ. ಸ್ಕಿಮ್ಮರ್ ಸೋಮಾರಿಯಾದರೆ ಇದೆಲ್ಲ ದಂಡ.

ಪೂರ್ತಿ ಪ್ರಮಾಣ ಅಂದರೆ 400 ಲೀಟರ್ ನೀರಿಗೆ ಹೆಚ್ಚುಕಮ್ಮಿ ಒಂದು ಲೀಟರ್ ಕಲ್ಲು, ಅದರೊಳಗೆ ಗಂಟೆಗೆ ಸುಮಾರು 400 ಲೀಟರ್ ನೀರು ಹರಿಯಬೇಕು. ಆರೇಳು ವಾರಕ್ಕೊಮ್ಮೆ ಕಲ್ಲು ಬದಲಿಸಬೇಕು. ಜೊತೆಗೆ ಒಂದಿಷ್ಟು ಆಕ್ಟಿವೇಟೆಡ್ ಕಾರ್ಬನ್. ಯುವಿ ದೀಪ ಇದ್ದರೆ ಆರಿಸಬೇಕು, ಇಲ್ಲದಿದ್ದರೆ ಒಂದು ಕಡೆ ಬ್ಯಾಕ್ಟೀರಿಯಾ ಸಾಕಿ ಇನ್ನೊಂದು ಕಡೆ ಕೊಂದ ಹಾಗಾಗುತ್ತದೆ. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಪುಡಿಯನ್ನೂ ತೆಗೆಯಬೇಕು. ಹಳೇ ಟ್ಯಾಂಕ್ ಆದರೆ ಕಲ್ಲನ್ನು ಕಾಲು ಭಾಗದಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸಿಕೊಂಡು ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ 250 ಮಿಲಿಯಿಂದಲೇ ಶುರು ಮಾಡಿದೆ. ಅಲ್ಲಿವರೆಗೆ ಒಳ್ಳೇ ಹುಡುಗ.

ಈ ಪದ್ಧತಿಯಲ್ಲಿ ನನಗೆ ಬಲು ಇಷ್ಟವಾದದ್ದು ಬೆಳಗಿನ ಕೆಲಸ. ಕಲ್ಲಿನ ಮೇಲೆ ಕೂತ ಲೋಳೆಯನ್ನು ದಿನಾ ಅಲ್ಲಾಡಿಸಿ ಬಿಡಿಸಬೇಕು. ಆರೂವರೆಗೆ ಎದ್ದು, ಕಾಫಿ ಲೋಟ ಪಕ್ಕಕ್ಕಿಟ್ಟು, ಬಗ್ಗಿ ಸಿಲಿಂಡರಿನ ಹಿಡಿ ಹಿಡಿದು ಹತ್ತು ಸಲ ಮೇಲೆ ಕೆಳಗೆ ಆಡಿಸುತ್ತೇನೆ. ಕಲ್ಲುಗಳು ಕರಕರ ಅನ್ನುತ್ತವೆ. ಕಂದು ಹೊಗೆಯಂಥದ್ದು ಎದ್ದು ಸಂಪ್ ಪೂರ್ತಿ ಮಬ್ಬಾಗುತ್ತದೆ, ಅರ್ಧ ನಿಮಿಷದಲ್ಲಿ ಮೇಲಿನ ಪೈಪಿನಿಂದ ಟ್ಯಾಂಕಿಗೆ ಬರುತ್ತದೆ. ಆಗ ನೋಡಬೇಕು. ಮುದುಡಿಕೊಂಡಿದ್ದ ಅಕ್ರೊಪೊರಾದ ಪುಟ್ಟ ಜೀವಿಗಳು, ಅಂದರೆ ಪಾಲಿಪ್‌ಗಳು ಒಂದೊಂದೇ ಹೊರಗೆ ಬರುತ್ತವೆ, ಕೊಂಬೆಯ ತುಂಬ ನವಿರು ಎದ್ದ ಹಾಗೆ. ಕ್ರೋಮಿಸ್‌ಗಳು ಆ ಹೊಗೆಯಲ್ಲಿ ಬಾಯಿ ಹಾಕಿ, ಇದರಲ್ಲೇನೂ ಇಲ್ಲ ಅಂತ ಉಗುಳುತ್ತವೆ. ಹತ್ತು ನಿಮಿಷದಲ್ಲಿ ನೀರು ಮತ್ತೆ ತಿಳಿ. ಅಷ್ಟು ಹೊತ್ತಿಗೆ ಕಾಫಿ ಆರಿರುತ್ತದೆ.

ಮೊದಲ ಮೂರು ವಾರ ಏನೂ ಆಗಲಿಲ್ಲ. ನೈಟ್ರೇಟ್ 15ರಿಂದ 12ಕ್ಕೆ ಬಂತು, ಅದೂ ಟೆಸ್ಟ್ ಕಿಟ್ ಬಣ್ಣ ನೋಡುವ ನನ್ನ ಆಸೆಗಣ್ಣಿನ ಲೆಕ್ಕದಲ್ಲಿ. ನನ್ನನ್ನು ಈ ಹುಚ್ಚಿಗೆ ಎಳೆದ ಜೆ.ಪಿ. ನಗರದ ಗೆಳೆಯ ಫೋನ್‌ನಲ್ಲಿ, "ಗುರು, ಕಲ್ಲು ಹಾಕಾಯ್ತಲ್ಲ, ಇನ್ನು ಕೈ ಕಟ್ಕೊಂಡು ಕೂತ್ಕೋ" ಅಂದ. ಕೂರಲಿಲ್ಲ. ಡಬ್ಬದಲ್ಲಿ ಉಳಿದಿದ್ದ ಮುಕ್ಕಾಲು ಲೀಟರ್ ಕಲ್ಲನ್ನು ತೊಳೆದು ಒಂದೇ ಭಾನುವಾರ ಸುರಿದುಬಿಟ್ಟೆ.

ಹತ್ತು ದಿನದಲ್ಲಿ ನೈಟ್ರೇಟ್ 2ಕ್ಕೆ ಬಿತ್ತು. ನಾನು ಖುಷಿಯಲ್ಲಿದ್ದೆ. ಹನ್ನೊಂದನೇ ದಿನ ಅಕ್ರೊಪೊರಾದ ತುದಿಗಳು ಬೆಳ್ಳಗೆ ಕಂಡವು. ಹೊಸ ಬೆಳವಣಿಗೆಯ ತುದಿಯೂ ಬಿಳಿಯೇ ಇರುತ್ತದೆ ಅಲ್ವಾ, ಬೆಳೀತಿದೆ ಅಂದುಕೊಂಡೆ. ಫೋಟೋ ಬೇರೆ ತೆಗೆದು ಗೆಳೆಯನಿಗೆ ಕಳಿಸಿದೆ. ಅವನು ಜೂಮ್ ಮಾಡಿ ನೋಡಿ ಒಂದೇ ಪ್ರಶ್ನೆ ಕೇಳಿದ: "ಆಲ್ಕಲಿನಿಟಿ ಎಷ್ಟಿದೆ?"

ನೋಡಿದರೆ 9.6 ಡಿಕೆಎಚ್ (ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅನ್ನುವುದರ ಅಳತೆ). ಎರಡು ವಾರದ ಹಿಂದೆ 8.4 ಇತ್ತು.

ಆಗಿದ್ದೇನು ಅಂದರೆ, ಹವಳ ತನ್ನ ಮೂಳೆ ಕಟ್ಟಲು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಬಳಸುತ್ತದೆ. ಅದು ದಿನಾ ಎಷ್ಟು ಬಳಸುತ್ತದೋ ಅಷ್ಟನ್ನು ನನ್ನ ಡೋಸಿಂಗ್ ಪಂಪ್ ದಿನಾ ಹಾಕುತ್ತದೆ, ವರ್ಷದಿಂದ ಅದೇ ಲೆಕ್ಕ. ನಾನು ಊಟವನ್ನು ಒಂದೇ ಸಲ ಕಿತ್ತುಕೊಂಡಾಗ ಹವಳಗಳು ಬೆಳವಣಿಗೆ ನಿಲ್ಲಿಸಿದವು, ಕಾರ್ಬೊನೇಟ್ ಬಳಸುವುದನ್ನೂ ನಿಲ್ಲಿಸಿದವು. ಪಂಪಿಗೇನು ಗೊತ್ತು, ಅದು ಹಾಕುತ್ತಲೇ ಹೋಯಿತು. ಪೋಷಕಾಂಶ ಕಮ್ಮಿ ಇದ್ದು ಆಲ್ಕಲಿನಿಟಿ ಜಾಸ್ತಿ ಇದ್ದರೆ ತುದಿ ಸುಡುತ್ತದೆ ಅನ್ನುವುದು ಈ ಪದ್ಧತಿಯವರೆಲ್ಲ ಹೇಳುವ ಮಾತು, ಅದಕ್ಕೇ 7ರಿಂದ 8ರೊಳಗೆ ಇಟ್ಟುಕೊಳ್ಳಿ ಅನ್ನುತ್ತಾರೆ. ಸಮುದ್ರದಲ್ಲಿ ಇರುವುದೂ ಸುಮಾರು 7. ಕಲ್ಲು ಹಾಕುವ ಮೊದಲೇ ಇಳಿಸಬೇಕಿತ್ತು. ಓದಿದ್ದೆ ಕೂಡ. ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ!

ಎರಡು ದಿನಕ್ಕೆ ದೊಡ್ಡ ಅಕ್ರೊಪೊರಾದ ಬುಡದಿಂದ ಚರ್ಮ ಬಿಚ್ಚಿಕೊಳ್ಳತೊಡಗಿತು. ಇದು ನನ್ನ ಮೊದಲ ಗಟ್ಟಿ ಹವಳ, ಕಿರುಬೆರಳಿನಷ್ಟು ತಂದಿದ್ದು ಅಂಗೈ ಅಗಲ ಬೆಳೆದಿತ್ತು. ಸಂಜೆ ಆಫೀಸಿನಿಂದ ಬಂದಾಗ ಒಂದಿಂಚು ಬಿಳಿ, ಬೆಳಿಗ್ಗೆ ಎರಡಿಂಚು. ಅಂಚಿನಲ್ಲಿ ಚರ್ಮ ಹಳೇ ಗೋಡೆಯ ಸುಣ್ಣದ ಥರ ನೇತಾಡುತ್ತಿತ್ತು. ಶುರುವಾದ ಮೇಲೆ ಇದಕ್ಕೆ ಔಷಧಿ ಇಲ್ಲ. ಮೇಲಿನ ಇನ್ನೂ ಚೆನ್ನಾಗಿರುವ ಕೊಂಬೆಗಳನ್ನು ಕತ್ತರಿಸಿ ಬೇರೆ ಇಡಬೇಕು ಅಷ್ಟೇ. ಮನೆಯ ಕಟಿಂಗ್ ಪ್ಲೇಯರ್ ತೊಳೆದು ತಂದು ಕತ್ತರಿಸಿದೆ, ಕಟಕ್ ಅನ್ನುವ ಸದ್ದಿಗೆ ಮಗಳು ಕಿವಿ ಮುಚ್ಚಿಕೊಂಡಳು. ಐದು ತುಂಡು ಮಾಡಿ ಸೂಪರ್‌ಗ್ಲೂನಲ್ಲಿ ಚಿಕ್ಕ ಕಲ್ಲುಗಳಿಗೆ ಅಂಟಿಸಿದೆ. ಮೂರು ಹೋದವು. ಎರಡು ಉಳಿದವು.

ಅರ್ಧ ಲೀಟರ್ ಕಲ್ಲು ವಾಪಸ್ ತೆಗೆದೆ. ಡೋಸಿಂಗ್ ಕಮ್ಮಿ ಮಾಡಿ ಆಲ್ಕಲಿನಿಟಿಯನ್ನು ಮೂರು ವಾರದಲ್ಲಿ ನಿಧಾನಕ್ಕೆ 7.5ಕ್ಕೆ ತಂದೆ. ನೀರು ಮೊದಲಿಗಿಂತ ತಿಳಿಯಾಗಿದ್ದರಿಂದ ಬೆಳಕು ಜಾಸ್ತಿ ಒಳಗೆ ಹೋಗುತ್ತಿತ್ತು, ಲೈಟನ್ನು ಶೇ. 20ರಷ್ಟು ಇಳಿಸಿದೆ.

ಇಷ್ಟಾದ ಮೇಲೆ ಇನ್ನೊಂದು ವಿಚಿತ್ರ. ನೈಟ್ರೇಟ್ ಹೆಚ್ಚುಕಮ್ಮಿ ಸೊನ್ನೆ, ಫಾಸ್ಫೇಟ್ ಮಾತ್ರ 0.08ರಲ್ಲೇ ಕಚ್ಚಿಕೊಂಡು ಕೂತಿತು. ವಾರ ಕಳೆದರೂ ಜಪ್ಪಯ್ಯ ಅನ್ನಲಿಲ್ಲ. ಹಳೇ ಟ್ಯಾಂಕ್ ಅನ್ನುವುದರ ಅರ್ಥ ಆಗ ಆಯಿತು. ಒಳಗಿರುವ ಕಲ್ಲು, ಮರಳು ಎಲ್ಲ ಸುಣ್ಣದ ಜಾತಿ, ಐದು ವರ್ಷ ಫಾಸ್ಫೇಟ್ ಹಿಡಿದಿಟ್ಟುಕೊಂಡಿವೆ. ನೀರಿನಲ್ಲಿ ಕಮ್ಮಿಯಾದ ಕೂಡಲೇ ಒಳಗಿಂದ ಬಿಡುತ್ತವೆ. ಬೀರುವಿನಲ್ಲಿ ಬಚ್ಚಿಟ್ಟ ಹಳೇ ಸಾಲದ ಚೀಟಿಗಳು ಒಂದೊಂದೇ ಹೊರಗೆ ಬಂದ ಹಾಗೆ. ಬ್ಯಾಕ್ಟೀರಿಯಾಕ್ಕೂ ನೈಟ್ರೇಟ್‌ನ ಸಾರಜನಕವೇ ಜಾಸ್ತಿ ಬೇಕು, ಫಾಸ್ಫೇಟ್‌ನ ರಂಜಕ ಸ್ವಲ್ಪ ಸಾಕು (ಸಮುದ್ರದ ಪ್ಲಾಂಕ್ಟನ್‌ನಲ್ಲಿ ಒಂದು ಪಾಲು ರಂಜಕಕ್ಕೆ 16 ಪಾಲು ಸಾರಜನಕ ಅನ್ನುವುದು ರೆಡ್‌ಫೀಲ್ಡ್ ಹಾಕಿಕೊಟ್ಟ ಲೆಕ್ಕ, ಇಲ್ಲೂ ಹೆಚ್ಚುಕಮ್ಮಿ ಅದೇ ಕಥೆ). ಹಾಗಾಗಿ ನೈಟ್ರೇಟ್ ಮೊದಲು ಖಾಲಿ, ಫಾಸ್ಫೇಟ್ ಉಳಿಕೆ. ಆ ಸಮಯಕ್ಕೆ ಕಾಯುತ್ತಿದ್ದ ಹಾಗೆ ಮರಳಿನ ಮೇಲೆ ಕೆಂಪು ಲೋಳೆ ಬಂತು, ಸೈನೋಬ್ಯಾಕ್ಟೀರಿಯಾ. ಬೆಳಿಗ್ಗೆ ಪೈಪಿನಲ್ಲಿ ಎಳೆದು ತೆಗೆದರೆ ಸಂಜೆಗೆ ಮತ್ತೆ ಹಾಸಿಗೆ ಹಾಸಿರುತ್ತಿತ್ತು.

ಇಲ್ಲಿ ಗೆಳೆಯನ ಸಲಹೆ ಉಲ್ಟಾ ಇತ್ತು, ಅದೇ ಕೆಲಸಕ್ಕೆ ಬಂತು. ಕಾರ್ಬನ್ ದ್ರಾವಣ ಅರ್ಧ ಮಾಡು, ಮೀನಿಗೆ ಊಟ ಜಾಸ್ತಿ ಹಾಕು ಅಂದ. ಅಂದರೆ ನೈಟ್ರೇಟ್ ಪೂರ್ತಿ ಸೊನ್ನೆ ಆಗದ ಹಾಗೆ ನೋಡಿಕೋ ಅಂತ. ಅಮ್ಮನಿಗೆ, ಮಗಳಿಗೆ ಹಬ್ಬ. ತೆಗೆದಿಟ್ಟಿದ್ದ ಕಬ್ಬಿಣದ ಪುಡಿಯನ್ನು ನಿಯಮ ಮುರಿದು ಒಂದು ಹಿಡಿಯಷ್ಟು ಹತ್ತು ದಿನ ಹಾಕಿದೆ. ಮಡಿವಂತರು ಬೈಯಬಹುದು, ಬೈಸಿಕೊಳ್ಳುತ್ತೇನೆ. ಫಾಸ್ಫೇಟ್ 0.04ಕ್ಕೆ ಬಂತು, ಸಂಕ್ರಾಂತಿ ಹೊತ್ತಿಗೆ ಲೋಳೆ ತಾನಾಗಿ ಹೋಯಿತು.

ಹಾಸನದ ಮದುವೆ ಕಥೆಯನ್ನೂ ಹೇಳಬೇಕು. ಎರಡು ದಿನ ನಾನಿರಲಿಲ್ಲ. ಬೆಳಿಗ್ಗೆ ಕಾರ್ಬನ್ ದ್ರಾವಣದ ಹನಿ ಹಾಕುವ ಕೆಲಸ ಮಗಳಿಗೆ ಒಪ್ಪಿಸಿದ್ದೆ, ಮರೆತುಬಿಡುತ್ತಾಳೇನೋ ಅಂತ ಹೆಂಡತಿಗೂ ಹೇಳಿದ್ದೆ. ಇಬ್ಬರೂ ಮರೆಯಲಿಲ್ಲ. ಅದೂ ಮಗಳು ಹನಿ ಲೆಕ್ಕ ಬಿಟ್ಟು ಮುಚ್ಚಳದ ಲೆಕ್ಕದಲ್ಲಿ ಹಾಕಿದ್ದಾಳೆ. ಎರಡನೇ ದಿನ ಸಂಜೆ ಊಟದ ಎಲೆ ಮುಂದೆ ಕೂತಿದ್ದೇನೆ, ಫೋನ್. "ರೀ, ನೀರು ಗಂಜಿ ಥರ ಆಗಿದೆ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ." ಬ್ಯಾಕ್ಟೀರಿಯಾ ಒಮ್ಮೆಲೇ ಬೆಳೆದು ನೀರಿನ ಆಮ್ಲಜನಕ ತಿಂದುಹಾಕಿತ್ತು. ಸ್ಕಿಮ್ಮರ್ ಪೂರ್ತಿ ತೆರೆಸಿ, ಅಟ್ಟದ ಮೇಲಿದ್ದ ಹಳೇ ಏರ್ ಪಂಪ್ ಹುಡುಕಿಸಿ ಹಾಕಿಸಿದೆ, ಫೋನ್‌ನಲ್ಲೇ. ಹೋಳಿಗೆ ಬಡಿಸಿಹೋದದ್ದೇ ಗೊತ್ತಾಗಲಿಲ್ಲ. ಒಂದು ಕ್ರೋಮಿಸ್ ಹೋಯಿತು, ಉಳಿದವು ಬದುಕಿದವು. ಈಗ ಆ ಬಾಟಲಿ ದೇವರಮನೆ ಮೇಲಿನ ಶೆಲ್ಫ್‌ನಲ್ಲಿದೆ, ಮಗಳ ಕೈಗೆ ಎಟಕಲ್ಲ.

ಅದೇ ಕಾರಣಕ್ಕೆ ಕರೆಂಟ್ ಹೋಗುವುದು ಮೊದಲಿಗಿಂತ ದೊಡ್ಡ ತಲೆನೋವು. ಈ ಪದ್ಧತಿಯಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಆಮ್ಲಜನಕದ ಖರ್ಚೂ ಜಾಸ್ತಿ. ಸಿಲಿಂಡರಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಕಲ್ಲಿನ ಮೇಲಿನದ್ದೆಲ್ಲ ಸತ್ತು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಆ ನೀರನ್ನು ಟ್ಯಾಂಕಿಗೆ ಬಿಡಲೇಬಾರದು. ಏಪ್ರಿಲ್ ಮಳೆಗೆ ನಮ್ಮ ಬೀದಿಯ ಮರ ವೈರ್ ಮೇಲೆ ಬಿದ್ದು ಐದು ಗಂಟೆ ಕರೆಂಟ್ ಇಲ್ಲದಾಗ ಇನ್ವರ್ಟರ್‌ಗೆ ಹಾಕಿದ್ದು ಎರಡೇ ಪಂಪ್: ಟ್ಯಾಂಕಿನ ಅಲೆ ಎಬ್ಬಿಸುವುದು, ಈ ಸಿಲಿಂಡರಿನದು. ಫ್ಯಾನ್ ಇಲ್ಲದೆ ಮನೆಯವರೆಲ್ಲ ಬೀಸಣಿಗೆ ಹಿಡಿದು ಕೂತೆವು. ನನ್ನ ಕಡೆ ಯಾರೂ ನೋಡಲಿಲ್ಲ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಮುದ್ರದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಸಮುದ್ರ ಸಾಕುವುದು ಅಂದರೆ ಎಲ್ಲ ನೀರೂ ಕೈಯಲ್ಲೇ ಮಾಡಿಕೊಂಡಿದ್ದು. ನಮ್ಮ ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ 900 ದಾಟುತ್ತದೆ, ಕಾವೇರಿ ನೀರು 200ರ ಆಸುಪಾಸು. ಯಾವುದೇ ಆದರೂ ಆರ್‌ಒ ಆಗಿ, ಆಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಸೊನ್ನೆ ತೋರಿಸಿದ ಮೇಲೇ ಉಪ್ಪು ಬೆರೆಸುವುದು. ಪೋಷಕಾಂಶವನ್ನು ಇಷ್ಟು ಕಷ್ಟಪಟ್ಟು ತೆಗೆದು, ಮತ್ತೆ ನಲ್ಲಿ ನೀರಿನಲ್ಲಿ ತಂದು ಸುರಿದರೆ ಏನು ಬಂತು? ಆರ್‌ಒ ಬಿಟ್ಟ ನೀರಿನಲ್ಲಿ ಮನೆ ಒರೆಸುತ್ತೇವೆ, ಬಾತ್‌ರೂಮ್ ತೊಳೆಯುತ್ತೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ಮೇಲೆ ಒಂದು ಬಕೆಟ್ ಕೂಡ ಸುಮ್ನೆ ಚರಂಡಿಗೆ ಬಿಡೋಕೆ ಮನಸ್ಸು ಬರಲ್ಲ.

ಈಗ ಕಲ್ಲು ಮುಕ್ಕಾಲು ಲೀಟರ್‌ಗೆ ಬಂದಿದೆ, ಮೇಲಕ್ಕೆ ಹೋಗುವ ಯೋಚನೆ ಇಲ್ಲ. ನೈಟ್ರೇಟ್ 1ರಿಂದ 2, ಫಾಸ್ಫೇಟ್ 0.03. ಎರಡು ದಿನಕ್ಕೊಮ್ಮೆ ಉಜ್ಜುತ್ತಿದ್ದ ಗಾಜನ್ನು ಈಗ ವಾರಕ್ಕೊಮ್ಮೆ ಉಜ್ಜಿದರೆ ಸಾಕು. ಮಾಂಟಿಪೊರಾದ ಅಂಚು ಫೆಬ್ರವರಿಯಲ್ಲಿ ನೇರಳೆಗೆ ತಿರುಗಿತು, ಮೊದಲು ನೋಡಿದ್ದು ಮಗಳು. ನಡುವೆ ಒಂದು ತಿಂಗಳು ಅದೇ ಮಾಂಟಿಪೊರಾ ಬೂದಿ ಬಳಿದ ಹಾಗೆ ಮಂಕಾಗಿತ್ತು. ಪೊಟ್ಯಾಸಿಯಂ ಅಳೆದರೆ 350, ಸಮುದ್ರದಲ್ಲಿ ಸುಮಾರು 390 ಇರಬೇಕು. ಜಿಯೋಲೈಟ್ ಬಳಸುವವರು ಇದರ ಮೇಲೆ ಕಣ್ಣಿಡಲೇಬೇಕು. ದಿನಕ್ಕೆ ಸ್ವಲ್ಪಸ್ವಲ್ಪ ಸೇರಿಸಿ ಎರಡು ವಾರದಲ್ಲಿ ಮೇಲೆ ತಂದೆ, ಬಣ್ಣ ಮರಳಿತು. ಉಳಿದ ಎರಡು ಅಕ್ರೊಪೊರಾ ತುಂಡುಗಳು ಅಂಟಿಸಿದ ಕಲ್ಲಿನ ಮೇಲೆ ಬುಡ ಹರಡಿಕೊಂಡಿವೆ, ಒಂದರಲ್ಲಿ ಹೊಸ ಕವಲು. ತುದಿ ಬೆಳ್ಳಗಿದೆ. ಈ ಸಲ ಬೆಳವಣಿಗೆಯದ್ದೇ, ಆದರೂ ದಿನಾ ಆಲ್ಕಲಿನಿಟಿ ನೋಡುತ್ತೇನೆ.

ಹೋದ ವಾರ ಕಲ್ಲು ಬದಲಿಸಿದೆ. ಹಳೇದರಲ್ಲಿ ಒಂದು ಹಿಡಿ ಬೀಜದ ಥರ ಹೊಸದರ ಜೊತೆ ಸೇರಿಸಿ, ಉಳಿದದ್ದನ್ನು ಬಿಸಾಡೋಕೆ ಹೊರಟೆ. ಅಮ್ಮ ತಡೆದಳು. ಅಷ್ಟು ದುಡ್ಡು ಕೊಟ್ಟ ಜಲ್ಲಿ, ಕರಿಬೇವಿನ ಕುಂಡಕ್ಕೆ ಹಾಕ್ತೀನಿ ಅಂದಳು. ರೇಟ್ ಹೇಗೆ ಗೊತ್ತಾಯಿತೋ, ಕೇಳುವ ಧೈರ್ಯ ಬರಲಿಲ್ಲ. ಬೇಡಮ್ಮ, ಒಳಗೆಲ್ಲ ಉಪ್ಪು ಕೂತಿದೆ, ಗಿಡ ಸುಟ್ಟುಹೋಗುತ್ತೆ ಅಂದೆ. ಕೇಳಲಿಲ್ಲ. ಬಕೆಟ್‌ನಲ್ಲಿ ನೆನೆಸಿ ದಿನಾ ನೀರು ಬದಲಿಸುತ್ತಾ, ಬೆರಳು ಅದ್ದಿ ನಾಲಿಗೆಗಿಟ್ಟು ನೋಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಇನ್ನೂ ಸ್ವಲ್ಪ ಉಪ್ಪಿದೆ ಕಣೋ ಅಂದಳು.